ಕಾಂಗ್ರೆಸ್ ಗಿಡಕ್ಕೆ ನಾಲ್ಕು ಮದ್ದು: ಒಂದೇ ರಸ್ತೆಯಲ್ಲಿ ನೋಡಿದ್ದು

ಮದ್ದೂರು ತಾಲ್ಲೂಕಿನ ಒಂದು ಪಂಚಾಯಿತಿಯಲ್ಲಿ ನಾನು ಮೆಂಬರ್. ಮಳೆ ಹಿಡಿದು ಎರಡು ತಿಂಗಳಾಗುವಷ್ಟರಲ್ಲಿ ಶಾಲೆಯಿಂದ ಹಾಲಿನ ಡೇರಿವರೆಗೆ ರಸ್ತೆಯ ಎರಡೂ ಬದಿ ಎದೆಮಟ್ಟ ಕಾಂಗ್ರೆಸ್ ಗಿಡ. ಗ್ರಾಮಸಭೆಯಲ್ಲಿ ಪ್ರತಿ ವರ್ಷ ಅದೇ ಕೂಗು, ಅದೇ ಉತ್ತರ: "ಔಷಧಿ ಹೊಡೆಸ್ಬಿಡಿ." ಹೋದ ವರ್ಷ ಹಟ ಹಿಡಿದು ರಸ್ತೆಯನ್ನು ನಾಲ್ಕು ತುಂಡು ಮಾಡಿಸಿ, ಒಂದೊಂದು ಕಡೆ ಒಂದೊಂದು ಮದ್ದು ನೋಡಿದೆ.

ಔಷಧಿ ಅಂದರೆ ಗ್ಲೈಫೋಸೇಟ್ ಅನ್ನೋ ಕಳೆನಾಶಕ. ಅದಕ್ಕೆ ಜನ ಮರುಳಾಗೋದು ಸುಮ್ಮನೆ ಅಲ್ಲ. ಒಂದು ಆಳು, ಬೆನ್ನಿಗೊಂದು ಕ್ಯಾನ್, ಅರ್ಧ ದಿನಕ್ಕೆ ಕೆಲಸ ಮುಗೀತು. ಆದರೆ ಪೆಸ್ಟ್ ಕಂಟ್ರೋಲ್‌ನವರ ಮೂಲಕ ಮಾತ್ರ ಬಳಸಬೇಕು ಅಂತ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದೆ. ಅಂಥವರನ್ನೇ ಕರೆಸಿದೆವು, ಬಿಲ್ಲು ಅಲ್ಲೇ ಏರಿತು. ಬಂದವರು ನಾಲೆಯ ಕೆಂಪು ನೀರನ್ನೇ ಕ್ಯಾನಿಗೆ ಬಗ್ಗಿಸಿಕೊಂಡರು. ಗ್ಲೈಫೋಸೇಟ್ ಜೇಡಿಮಣ್ಣಿಗೆ ಅಂಟಿಕೊಂಡರೆ ಕೆಲಸ ಮಾಡಲ್ಲ. ಎಲೆ ಮೇಲೆ ರಸ್ತೆ ಧೂಳು ಕೂತಿದ್ದರೂ ಅಷ್ಟೇ. ಹತ್ತು ದಿನ ಕಾದು ನೋಡಿದರೆ ಅರ್ಧ ಗಿಡ ಹಳದಿ, ಇನ್ನರ್ಧ ಬಿಳಿ ಹೂ ಮುಡಿದು ನಿಂತಿತ್ತು.

ಅದನ್ನಾದರೂ ಸಹಿಸಬಹುದಿತ್ತು. ಅವತ್ತು ಗಾಳಿ ಬೇಲಿ ದಾಟಿತ್ತು. ಪಕ್ಕದ ಹಿಪ್ಪುನೇರಳೆ ತೋಟದ ಅಂಚಿನ ಎರಡು ಸಾಲಲ್ಲಿ ಕುಡಿ ಎಲೆಗಳು ಬಿಳಿಚಿಕೊಂಡು ಕಡ್ಡಿಯಂತೆ ಸಣ್ಣಗಾದವು. ತೋಟದ ಅಕ್ಕ ಒಂದು ಕುಡಿ ಮುರಿದು ತಂದು ನನ್ನ ಕೈಗಿಟ್ಟರು. "ಹುಳ ನಾಕ್ನೇ ಜ್ವರ ಎದ್ದವೆ ಮೆಂಬ್ರೇ. ಈ ಸೊಪ್ಪು ಹಾಕ್ಲೋ ಬ್ಯಾಡ್ವೋ, ನೀವೇ ಯೋಳಿ." ಜ್ವರ ಅಂದರೆ ರೇಷ್ಮೆ ಹುಳ ಪೊರೆ ಬಿಡುವ ನಿದ್ದೆ. ನಾಲ್ಕನೇ ಜ್ವರ ಎದ್ದ ಹುಳ ತಿನ್ನುವುದೇ ತಿನ್ನುವುದು, ಆಗ ಸೊಪ್ಪು ತಪ್ಪಿದರೆ ಗೂಡೂ ತಪ್ಪಿತು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲೇ ಗ್ಲೈಫೋಸೇಟನ್ನು 'ಬಹುಶಃ ಕ್ಯಾನ್ಸರ್ ತರುವ' ಗುಂಪಿಗೆ ಸೇರಿಸಿದೆ ಅಂತ ಸಭೆಯಲ್ಲಿ ಹೇಳಿದ್ದೆ, ಯಾರೂ ತಲೆ ಎತ್ತಿರಲಿಲ್ಲ. ಸೊಪ್ಪಿನ ಸುದ್ದಿ ಹೇಳಿದಾಗ ಎಲ್ಲರೂ ಎತ್ತಿದರು.

ಎರಡನೆಯದು ಪೆಟ್ರೋಲ್ ಕಟರ್. ನೋಡಲು ಚೆಂದ, ಸಂಜೆಗೆ ರಸ್ತೆ ಕ್ಷೌರ ಮಾಡಿಸಿಕೊಂಡಂತೆ ಇರುತ್ತೆ. ಬುಡ ಮಾತ್ರ ಅಲ್ಲೇ ಉಳಿಯುತ್ತಲ್ಲ, ಮೂರು ವಾರಕ್ಕೆ ಒಂದು ಕಡ್ಡಿ ಇದ್ದ ಕಡೆ ನಾಲ್ಕು ಚಿಗುರು. ಹೂ ಬಿಟ್ಟ ಮೇಲೆ ಹೊಡೆದರಂತೂ ನಾವೇ ಬಿತ್ತನೆ ಮಾಡಿದ ಹಾಗೆ. ಒಂದೊಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತೆ. ಒಂದು ಕಲ್ಲು ಹಾರಿ ಡೇರಿ ಸೆಕ್ರೆಟರಿಯ ಸ್ಕೂಟರ್ ದೀಪ ಒಡೆದದ್ದು ಬೇರೆ.

ಉಪ್ಪುನೀರು, ಲೀಟರಿಗೆ 200 ಗ್ರಾಂ. ಬಿಸಿಲಲ್ಲಿ ಹೊಡೆದರೆ ಎಳೆ ಗಿಡ ಸಂಜೆಗೆ ಬಾಡುತ್ತೆ. ಆದರೆ ಗದ್ದೆ ಪಕ್ಕ ಉಪ್ಪು ಸುರಿಯೋಕೆ ನನಗೆ ಮನಸ್ಸಿಲ್ಲ. ಶಾಲೆ ಅಂಗಳದ ಕಲ್ಲುಸಂದಿಗೆ ಸಾಕು.

ಕೊನೆಯದು ಕೈಯಲ್ಲಿ ಕೀಳುವುದು. ನಾಲ್ಕು ಹೆಣ್ಣಾಳು, ಮೂರು ದಿನ. ಮೊದಲ ಲೆಕ್ಕದಲ್ಲಿ ಇದೇ ದುಬಾರಿ. ಮಳೆ ಬಿದ್ದ ಮಾರನೇ ದಿನ, ಹೂವಿಗೆ ಮೊದಲು, ಗಿಡ ಗೇಣುದ್ದ ಇರುವಾಗ ಬುಡ ಹಿಡಿದರೆ ಬೇರುಸಮೇತ ಸರಾಗವಾಗಿ ಬರುತ್ತೆ. ಎರಡು ವಾರ ತಡವಾದರೆ ಅದೇ ಗಿಡ ಕೈ ಸುಲಿಯುತ್ತೆ. ಬರಿಗೈಲಿ ಕಿತ್ತವರಿಗೆ ರಾತ್ರಿಯೆಲ್ಲ ನವೆ. ಮೊದಲ ದಿನ ಹಾಲಿನ ಕವರನ್ನೇ ಕೈಗೆ ಕಟ್ಟಿಕೊಂಡಿದ್ದರು, ಅದು ನಮಗೇ ನಾಚಿಕೆ. ಆದರೂ ದೀಪಾವಳಿ ಹೊತ್ತಿಗೆ ಚೊಕ್ಕಟವಾಗಿದ್ದದ್ದು ಆ ತುಂಡೊಂದೇ. ಔಷಧಿಯ ತುಂಡಿಗೆ ಅಷ್ಟರಲ್ಲಿ ಎರಡನೇ ಬಿಲ್ಲು ಬಂದಿತ್ತು.

ಅಂದಹಾಗೆ, ಕೀಳುವಾಗ ಎಲೆ ಜರಡಿಯಾದ ಗಿಡಗಳೂ ಸಿಕ್ಕವು. ಈ ಗಿಡ ತಿನ್ನಲೆಂದೇ ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಲ್ಲಿ ಬಿಟ್ಟ ಜೀರುಂಡೆಯ ಸಂತತಿ. ಔಷಧಿ ಹೊಡೆದ ಕಡೆ ಒಂದೂ ಕಾಣಲಿಲ್ಲ. ಅದನ್ನು ನಂಬಿ ಕೂರುವಂತಿಲ್ಲ, ಬೇಸಿಗೆಯಲ್ಲಿ ಅದು ಮಣ್ಣೊಳಗೆ ಮಲಗಿಬಿಡುತ್ತೆ.

ಈ ವರ್ಷ ಇಡೀ ರಸ್ತೆಗೆ ಕೈಕೆಲಸವೇ, ಜೂನ್‌ನಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ ಅಂತ ನಡಾವಳಿ ಬರೆಸಿದ್ದೇನೆ. ಕೈಗವಸಿನ ಫೈಲು ಇನ್ನೂ ಸಹಿಗೆ ಕಾಯುತ್ತಿದೆ, ಮಳೆ ಕಾಯುತ್ತಿಲ್ಲ.