ಹಗುರ ಡೈವಿಂಗ್ ಸಾಮಾನು: ಮೂರು ಬಿಸಿಡಿ, ಮೂರು ಜೊತೆ ಫಿನ್ಸ್, ಒಂದು ತಕ್ಕಡಿ

ಡೈವಿಂಗ್ ಸಾಮಾನು ಕಟ್ಟಿಕೊಂಡು ವಿಮಾನ ಹತ್ತುವವರಿಗೆ 20 ಕಿಲೋ ಎಷ್ಟು ಬೇಗ ಮುಗಿದುಹೋಗುತ್ತದೆ ಅಂತ ಗೊತ್ತೇ ಇರುತ್ತದೆ. ಬಿಸಿಡಿ, ಅಂದರೆ ಗಾಳಿ ತುಂಬಿ ನೀರಲ್ಲಿ ತೇಲೋದು ಮುಳುಗೋದು ಸರಿಮಾಡಿಕೊಳ್ಳುವ ಜಾಕೆಟ್ಟು, ಅದೊಂದೇ ನಾಲ್ಕು ಕಿಲೋ ಹತ್ತಿರ. ಈಜೋಕೆ ಕಾಲಿಗೆ ಹಾಕುವ ಫಿನ್ಸು, ಅದರೊಳಗೆ ಹಾಕುವ ಬೂಟಿ ಸೇರಿ ಮೂರು. ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರು ಹೋಸ್‌ಗಳ ಸಮೇತ ಇನ್ನೊಂದು ಮೂರು. ಬಟ್ಟೆ ಇಡುವ ಮೊದಲೇ ಅರ್ಧ ಲೆಕ್ಕ ಮುಗಿಯಿತು.

ಹಾಗಾಗಿ ನಾಲ್ಕು ವರ್ಷದಿಂದ ಒಂದೊಂದು ಪ್ರವಾಸಕ್ಕೆ ಒಂದೊಂದು ಥರ ಜೋಡಿಸಿಕೊಂಡು ಹೋಗಿ ನೋಡಿದ್ದೇನೆ. ಪ್ರತಿಯೊಂದನ್ನೂ ಎರಡು ಸಲ ತೂಗಿದ್ದೇನೆ. ಹೊರಡುವ ಮುಂಚೆ ಒಣಗಿದ್ದಾಗ ಒಮ್ಮೆ, ಕೊನೆಯ ಡೈವ್ ಆದ ಮಾರನೇ ದಿನ ಬೆಳಗ್ಗೆ ಒಮ್ಮೆ. ಈ ಎರಡನೇ ತೂಕವನ್ನು ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ, ಆದರೆ ವಾಪಸ್ ಬರುವಾಗ ಕೌಂಟರ್ ಮುಂದೆ ಬ್ಯಾಗು ಬಿಚ್ಚಿಸುವುದು ಅದೇ. ದಿನಕ್ಕೆ ಹಲವು ಡೈವ್ ಮಾಡಿದ್ದರೆ ಕೊನೆಯದಾದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಬಿಡಬೇಕಲ್ವಾ, ಒಣಗಿಸೋಕೆ ಸಿಗುವುದು ಅಷ್ಟೇ ಸಮಯ.

ಮೊದಲು ಬಿಸಿಡಿ, ಯಾಕೆಂದರೆ ದೊಡ್ಡ ವ್ಯತ್ಯಾಸ ಇರುವುದು ಅಲ್ಲೇ.

ಮಾಮೂಲಿ ಜಾಕೆಟ್ ಬಿಸಿಡಿ ಒಣಗಿದ್ದಾಗ 3.9 ಕಿಲೋ, ಮಾರನೇ ಬೆಳಗ್ಗೆ 5.1. ಬೆನ್ನಿಗೆ, ಭುಜಕ್ಕೆ ಕೊಟ್ಟಿರುವ ದಪ್ಪ ಮೆತ್ತೆ ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ. ಒಳಗಿನ ಚೀಲದಲ್ಲೂ ನೀರು ನಿಂತಿರುತ್ತದೆ. ತಲೆಕೆಳಗೆ ಹಿಡಿದು, ಊದುವ ಕೊಳವೆಯ ಗುಂಡಿ ಒತ್ತಿದರೆ ಮೊದಲು ಗಾಳಿ ಬುಸ್ ಅಂತ ಬರುತ್ತದೆ, ಆಮೇಲೆ ಎರಡು ಲೋಟದಷ್ಟು ಉಪ್ಪುನೀರು ಸುರಿಯುತ್ತದೆ. ಇದನ್ನು ಮಾಡದೆ ಪ್ಯಾಕ್ ಮಾಡಿದರೆ ಆ ನೀರಿಗೂ ಲಗೇಜು ಲೆಕ್ಕ. ನೀರಿನ ಮೇಲೆ ತೇಲುತ್ತಾ ದೋಣಿಗೆ ಕಾಯುವಾಗ ಇದರಷ್ಟು ಆರಾಮ ಬೇರೆ ಯಾವುದೂ ಇಲ್ಲ, ಅದು ನಿಜ. ಆದರೆ ಮೆತ್ತೆಯೂ ತೇಲುವುದರಿಂದ ಅದನ್ನು ಮುಳುಗಿಸಲೆಂದೇ ನನಗೆ ಸೊಂಟಕ್ಕೆ ಕಟ್ಟುವ ಸೀಸ ಒಂದು ಕಿಲೋ ಜಾಸ್ತಿ ಬೇಕಾಗುತ್ತಿತ್ತು.

ಪ್ರವಾಸಕ್ಕೆಂದೇ ಮಾಡಿದ ಮೆತ್ತನೆಯ ಬಿಸಿಡಿ ಒಣಗಿದ್ದಾಗ 2.4, ಮಾರನೇ ದಿನ 2.8. ಹಿಂದೆ ಗಟ್ಟಿ ಹಲಗೆ ಇಲ್ಲ, ಮಡಚಿದರೆ ದಪ್ಪ ಟವೆಲ್ಲಿನಷ್ಟಾಗುತ್ತದೆ. ಕೈಯಲ್ಲಿ ಹಿಡಿದ ಕೂಡಲೇ ಇದೇ ಸಾಕು ಅನ್ನಿಸುತ್ತದೆ. ನೀರಿಗಿಳಿದಾಗ ಒಂದು ವಿಷಯ ಕಾಡಿತು. ಸಿಲಿಂಡರನ್ನು ಹಿಡಿಯುವುದು ಒಂದೇ ಪಟ್ಟಿ, ಅದರ ಹಿಂದೆ ಗಟ್ಟಿಯಾದದ್ದೇನೂ ಇಲ್ಲ. ಪಕ್ಕಕ್ಕೆ ತಿರುಗಿದಾಗೆಲ್ಲ ಸಿಲಿಂಡರಿನ ಬುಡ ಅರ್ಧ ಕ್ಷಣ ತಡವಾಗಿ ಹಿಂದೆ ಬರುತ್ತಿತ್ತು, ನಡು ಎಳೆದ ಹಾಗೆ ಆಗುತ್ತಿತ್ತು. ಪಟ್ಟಿಯನ್ನು ಮೊದಲು ನೀರಲ್ಲಿ ಅದ್ದಿ ಆಮೇಲೆ ಬಿಗಿದರೆ ಎಷ್ಟೋ ವಾಸಿ, ಒಣಪಟ್ಟಿ ಒದ್ದೆಯಾದ ಮೇಲೆ ಸಡಿಲವಾಗುತ್ತದೆ. ಡಿ ರಿಂಗ್‌ಗಳು ಪ್ಲಾಸ್ಟಿಕ್ಕಿನವು, ಕಮ್ಮಿ ಬೇರೆ. ಟಾರ್ಚು, ದಾರದ ರೀಲು ಎಲ್ಲ ಎಲ್ಲಿ ಸಿಕ್ಕಿಸೋದು ಅನ್ನೋದೇ ಒಂದು ಯೋಚನೆ.

ಮೂರನೆಯದು ಅಲ್ಯೂಮಿನಿಯಂ ಬ್ಯಾಕ್‌ಪ್ಲೇಟ್ ಮತ್ತು ವಿಂಗ್. ಬೆನ್ನಿಗೆ ಗಟ್ಟಿ ಪ್ಲೇಟು, ಉದ್ದನೆಯ ಒಂದೇ ಪಟ್ಟಿ, ಹಿಂದೆ ವಿಂಗ್ ಅನ್ನುವ ಗಾಳಿಚೀಲ, ಸಿಲಿಂಡರಿಗೆ ಎರಡು ಪಟ್ಟಿ. ಎಲ್ಲ ಸೇರಿ 3.2, ಮಾರನೇ ದಿನ 3.5. ಒಣಗಿದ ತೂಕ ನೋಡಿದರೆ ಜಾಕೆಟ್ಟಿಗಿಂತ ಮುಕ್ಕಾಲು ಕಿಲೋ ಅಷ್ಟೇ ಕಮ್ಮಿ, ವಾಪಸ್ ಬರುವ ದಿನ ಒಂದೂವರೆ ಕಿಲೋಗಿಂತ ಜಾಸ್ತಿ ಕಮ್ಮಿ. ನೀರೊಳಗೆ ಸಿಲಿಂಡರ್ ಬೆನ್ನಿಗೆ ಅಂಟಿಕೊಂಡ ಹಾಗೆ ಇರುತ್ತದೆ. ಪಟ್ಟಿಯ ಅಳತೆ ಸರಿಮಾಡಿಕೊಳ್ಳಲು ಮೊದಲ ಸಲ ಒಂದಿಡೀ ಸಂಜೆ ಹಿಡಿಯಿತು, ಆಮೇಲೆ ಮುಟ್ಟಿಲ್ಲ. ಗಾಳಿಯೆಲ್ಲ ಬೆನ್ನ ಹಿಂದೆ ಇರುವುದರಿಂದ ನೀರಿನ ಮೇಲೆ ಬಂದಾಗ ಜಾಸ್ತಿ ತುಂಬಿಸಿಬಿಟ್ಟರೆ ಮುಖ ಮುಂದಕ್ಕೆ ತಳ್ಳುತ್ತದೆ. ಸ್ವಲ್ಪವೇ ತುಂಬಿಸಿ ಹಿಂದಕ್ಕೆ ಒರಗಿಕೊಂಡರೆ ಆಯಿತು.

ಇಲ್ಲಿ ಕೆಲವರು ಸ್ಟೀಲ್ ಪ್ಲೇಟ್ ತಗೊಳ್ಳಿ, ಸೊಂಟದ ಸೀಸ ಎರಡು ಕಿಲೋ ಇಳಿಯುತ್ತೆ ಅನ್ನುತ್ತಾರೆ. ಮನೆ ಹತ್ತಿರವೇ ಡೈವ್ ಮಾಡುವವರಿಗೆ ಅದು ಸರಿ. ಪ್ರವಾಸಕ್ಕೆ ಖಂಡಿತ ಬೇಡ. ಸೀಸ ಹೋದ ಕಡೆ ಸಿಗುತ್ತದೆ, ಅದನ್ನು ಸ್ಟೀಲಿನ ರೂಪದಲ್ಲಿ ಸುಮ್ನೆ ವಿಮಾನದಲ್ಲಿ ಯಾಕೆ ಹೊರಬೇಕು? ಹಗುರ ಸಾಮಾನಿನ ಜೊತೆ ಸೀಸದ ಲೆಕ್ಕ ಮಾತ್ರ ಹೊಸದಾಗಿ ಮಾಡಿಕೊಳ್ಳಿ. ಎಲ್ಲ ಕಡೆ ಕೊಡುವ 11.1 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ ತುಂಬಿರುವ ಗಾಳಿಗೇ ಎರಡೂವರೆ ಕಿಲೋಗಿಂತ ಜಾಸ್ತಿ ತೂಕ ಇದೆ. ಡೈವ್ ಮುಗಿಯುವ ಹೊತ್ತಿಗೆ ಆ ತೂಕದಲ್ಲಿ ಬಹುಪಾಲು ಹೋಗಿ ಸಿಲಿಂಡರೇ ತೇಲುವುದಕ್ಕೆ ಶುರುಮಾಡುತ್ತದೆ. ಅದಕ್ಕೇ ಸಿಲಿಂಡರಿನಲ್ಲಿ 50 ಬಾರ್ ಒತ್ತಡದಷ್ಟೇ ಗಾಳಿ ಉಳಿದಿರುವಾಗ 5 ಮೀಟರಿನಲ್ಲಿ ಬಿಸಿಡಿ ಖಾಲಿ ಮಾಡಿ ನಿಲ್ಲೋಕೆ ಆಗುತ್ತಾ ನೋಡಬೇಕು. ತುಂಬಿದ ಸಿಲಿಂಡರಿನಲ್ಲಿ ನೋಡಿದರೆ ಲೆಕ್ಕ ತಪ್ಪುತ್ತದೆ.

ನನ್ನ ಆಯ್ಕೆ: ವಾರಗಟ್ಟಲೆ ಡೈವ್ ಮಾಡುವ ಪ್ರವಾಸಕ್ಕೆ ಅಲ್ಯೂಮಿನಿಯಂ ಪ್ಲೇಟು. ಬೇರೆ ಕೆಲಸಕ್ಕೆ ಹೋದಾಗ ನಡುವೆ ಎರಡು ದಿನ ನೀರಿಗಿಳಿಯುವುದಾದರೆ ಆ ಮೆತ್ತನೆಯದು. ಜಾಕೆಟ್ಟು ಈಗ ನನ್ನ ಜೊತೆ ಪ್ರಯಾಣ ಮಾಡುವುದಿಲ್ಲ.

ಫಿನ್ಸ್ ವಿಷಯಕ್ಕೆ ಬಂದರೆ, ಹಿಮ್ಮಡಿಗೆ ಪಟ್ಟಿ ಇರುವಂಥವು 2.1 ಕಿಲೋ, ಅದಕ್ಕೆ ಬೂಟಿ 0.8, ಬೂಟಿ ಒದ್ದೆಯಾದರೆ ಇನ್ನೂ ಜಾಸ್ತಿ. ಬರಿಗಾಲಿಗೆ ಹಾಕುವ ಪೂರ್ತಿ ಪಾದದ ಫಿನ್ಸ್ ಬರೀ 1.5. ದೋಣಿಯಿಂದ ಡೈವ್ ಮಾಡುವವರು ಇದನ್ನು ಬಿಟ್ಟು ಬೇರೆ ನೋಡಬೇಕಾಗಿಲ್ಲ. ಎರಡನೇ ದಿನ ಹಿಮ್ಮಡಿ ಉಜ್ಜಿ ಬೊಬ್ಬೆ ಬಂತು. ತೆಳ್ಳನೆಯ ನಿಯೋಪ್ರೀನ್ (ಮೆತ್ತನೆಯ ರಬ್ಬರ್) ಸಾಕ್ಸ್ ಹಾಕಿದ ಮೇಲೆ ಆ ತೊಂದರೆ ಹೋಯಿತು. ಕಲ್ಲು ಬಂಡೆ ಇರುವ ದಡದಿಂದ ನಡೆದು ಇಳಿಯುವ ಜಾಗವಾದರೆ ಮಾತ್ರ ಬೂಟಿ ಬೇಕೇ ಬೇಕು. ಮೂರನೆಯದು, ಕೈಚೀಲದಲ್ಲೂ ಹಿಡಿಯುವ ಗಿಡ್ಡ ಫಿನ್ಸ್. ನಿಂತ ನೀರಿನಲ್ಲಿ ಚೆನ್ನಾಗಿವೆ. ಸೆಳೆತ ಇದ್ದ ಒಂದು ದಿನ ಕಾಲು ಎಷ್ಟು ಬಡಿದರೂ ಮುಂದೆ ಹೋಗಲಿಲ್ಲ. ಮೇಲೆ ಬಂದು ನೋಡಿದರೆ ಜೊತೆಗಾರನಿಗಿಂತ ನನ್ನ ಗಾಳಿ 30 ಬಾರ್ ಕಮ್ಮಿ, ಯಾವಾಗಲೂ ಇಬ್ಬರದೂ ಹತ್ತಿರ ಹತ್ತಿರ ಇರುತ್ತಿತ್ತು. ಅಲ್ಲಿಗೆ ಅವನ್ನು ಬಿಟ್ಟೆ.

ಸೂಟಿನಲ್ಲಿ 3 ಮಿಲಿಮೀಟರ್ ದಪ್ಪದ ನಿಯೋಪ್ರೀನ್ ವೆಟ್‌ಸೂಟ್ ಮತ್ತು ನಿಯೋಪ್ರೀನ್ ಇಲ್ಲದ, ಒಳಗೆ ಉಣ್ಣೆಯಂಥ ಪದರ ಇರುವ ಸೂಟು ಎರಡನ್ನೂ ಹಾಕಿ ನೋಡಿದೆ. ಎರಡನೆಯದು ಅರ್ಧ ಕಿಲೋ ಹಗುರ, ಮಧ್ಯಾಹ್ನ ನೆರಳಿಗೆ ಹಾಕಿದರೆ ಸಂಜೆಗೆ ಒಣಗಿರುತ್ತದೆ, ತಾನಾಗಿ ತೇಲುವುದಿಲ್ಲವಾದ್ದರಿಂದ ಸೀಸವೂ ಕಮ್ಮಿ ಸಾಕು. ವೆಟ್‌ಸೂಟು ಆಳಕ್ಕೆ ಹೋದಷ್ಟೂ ಒತ್ತಡಕ್ಕೆ ತೆಳುವಾಗಿ ತೇಲುವ ಶಕ್ತಿಯನ್ನೂ ಬೆಚ್ಚಗಿಡುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ, ಇದರಲ್ಲಿ ಆ ಏರುಪೇರು ಇಲ್ಲ. ನೀರು 28 ಡಿಗ್ರಿ ಇದ್ದಾಗ ನನಗೆ ಸಾಕಾಯಿತು. 26 ಡಿಗ್ರಿಯಲ್ಲಿ ದಿನದ ಮೂರನೇ ಡೈವಿಗೆ ನಡುಗಿದೆ. ನಿಮಗೆ ಚಳಿ ಬೇಗ ಹತ್ತುತ್ತದೆ ಅಂದರೆ ವೆಟ್‌ಸೂಟೇ ಇರಲಿ.

ರೆಗ್ಯುಲೇಟರಿನಲ್ಲಿ ತೂಕ ಎರಡನೇ ಮಾತು, ಸರ್ವಿಸ್ ಸರಿಯಾಗಿ ಆಗಿರುವುದು ಮೊದಲ ಮಾತು. ಸಿಲಿಂಡರಿನ ವಾಲ್ವ್ ಮೇಲೆ ಹೊರಗಿನಿಂದ ಬಿಗಿಯುವ ಯೋಕ್ ಬದಲು ವಾಲ್ವ್ ಒಳಗೆ ತಿರುಗಿಸಿ ಕೂರಿಸುವ ಡಿನ್ ತಗೊಂಡು ಇಡೀ ಸೆಟ್ಟನ್ನೇ ಚಿಕ್ಕದು ಮಾಡಿಕೊಂಡಾಗ ಒಂದು ಕಿಲೋ ಉಳಿಯಿತು. ತುಂಬಾ ಕಡೆ ಸಿಲಿಂಡರಿನ ವಾಲ್ವ್ ಒಳಗಿನ ತಿರುಪಿನ ಬಿಲ್ಲೆಯನ್ನು ಅಲೆನ್ ಕೀಯಿಂದ ಬಿಚ್ಚಿದರೆ ಡಿನ್ ಕೂರುತ್ತದೆ. ಎಲ್ಲ ಕಡೆಯೂ ಅಲ್ಲ, ಅಡಾಪ್ಟರ್ ಜೊತೆಗಿಟ್ಟುಕೊಳ್ಳಬೇಕು, ಹಾಕಿದಾಗ ಅದು ಸ್ವಲ್ಪ ತಲೆಗೆ ತಾಗುತ್ತದೆ. ರಬ್ಬರ್ ಹೋಸ್ ಬದಲು ಹೆಣೆದ ಹೋಸ್ ಹಾಕುವವರು ಒಂದು ವಿಷಯ ಗಮನಿಸಿ: ಸೆಕೆ ಮತ್ತು ತೇವ ಇರುವ ಕಡೆ ಕೆಲವು ಹೆಣೆದ ಹೋಸ್‌ಗಳ ಒಳಪದರ ಹಾಳಾಗಿ ಹರಳುಗಟ್ಟಿ ಗಾಳಿಗೆ ಅಡ್ಡ ಬಂದದ್ದಿದೆ, ಡೈವರ್‌ಗಳ ಸುರಕ್ಷತೆ ನೋಡಿಕೊಳ್ಳುವ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಇದರ ಬಗ್ಗೆ ಎಚ್ಚರಿಸಿದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಅದಕ್ಕೇ ನಾನು ರಬ್ಬರಿನಲ್ಲೇ ಉಳಿದೆ, ನೂರಿನ್ನೂರು ಗ್ರಾಂ ಹೋದರೆ ಹೋಗಲಿ.

ರೆಗ್ಯುಲೇಟರು, ಆಳ ಮತ್ತು ಸಮಯ ತೋರಿಸುವ ಡೈವ್ ಕಂಪ್ಯೂಟರು, ಮಾಸ್ಕ್ ಮೂರೂ ಕೈಚೀಲಕ್ಕೆ. ಟಾರ್ಚಿನ ಬಿಡಿ ಲಿಥಿಯಂ ಬ್ಯಾಟರಿಯಂತೂ ಕೈಚೀಲದಲ್ಲೇ ಇರಬೇಕು, ಅದು ನಿಯಮ.

ಒಂದೇ ಒಂದು ಸಲ ತೂಕ ಉಳಿಸೋಕೆ ಅಂತ, ನಾವಿರುವ ಜಾಗ ದೋಣಿಯವರಿಗೆ ಕಾಣಲೆಂದು ಗಾಳಿ ತುಂಬಿ ಮೇಲಕ್ಕೆ ಬಿಡುವ ಗುರುತಿನ ಕೊಳವೆಯನ್ನೂ ಅದರ ರೀಲನ್ನೂ ಮನೆಯಲ್ಲೇ ಬಿಟ್ಟು ಹೋಗಿದ್ದೆ. ಅರ್ಧ ಕಿಲೋ ಉಳಿಯಿತು. ಸೆಳೆತ ನಮ್ಮಿಬ್ಬರನ್ನು ದೋಣಿಯಿಂದ ದೂರ ತಂದುಬಿಟ್ಟಿತ್ತು, ಅಲೆಗಳ ನಡುವೆ ನಮ್ಮ ತಲೆ ದೋಣಿಯವರಿಗೆ ಕಾಣಲಿಲ್ಲ. ಜೊತೆಗಾರ ತನ್ನ ಕಿತ್ತಳೆ ಬಣ್ಣದ ಕೊಳವೆ ಊದಿ ಎತ್ತಿ ಹಿಡಿದ ಮೇಲೆಯೇ ದೋಣಿ ನಮ್ಮ ಕಡೆ ತಿರುಗಿದ್ದು.