ಜಿಪ್ಸಿಗೆ ಸೂಪರ್‌ಚಾರ್ಜರ್: ನಾಲ್ಕೂವರೆ ವರ್ಷ ಓಡಿಸಿ, ಬಿಚ್ಚಿಟ್ಟ ಮೇಲೆ ಬರೆದಿದ್ದು

ನನ್ನ ಮಾರುತಿ ಜಿಪ್ಸಿ 2011ರ ಮಾಡೆಲ್, ಕೆಎ-32 ಪ್ಲೇಟು. 2021ರ ಜನವರಿಯಲ್ಲಿ ಅದಕ್ಕೆ ಸೂಪರ್‌ಚಾರ್ಜರ್ ಕೂಡಿಸಿದೆ. 2025ರ ಜುಲೈನಲ್ಲಿ ಬಿಚ್ಚಿಸಿ ಚೀಲಕ್ಕೆ ಹಾಕಿದೆ. ನಡುವೆ ಸುಮಾರು 38 ಸಾವಿರ ಕಿಲೋಮೀಟರ್ ಓಡಿದೆ, ಒಂದು ಸಲ ಲಡಾಖ್‌ಗೆ ಹೋಗಿ ಬಂದಿದೆ, ಒಂದು ಸಲ ಎಂಜಿನ್ ಪೂರ್ತಿ ಇಳಿದಿದೆ. ಕಲಬುರಗಿ ಹುಡುಗರು ಮಾರುತಿಯ ಜಿಮ್ನಿ ಜೀಪಿಗೂ ಇದನ್ನ ಹಾಕಿಸಬಹುದಾ ಅಣ್ಣಾ ಅಂತ ಕೇಳ್ತಾನೇ ಇರುತ್ತಾರೆ. ಪ್ರತಿ ಸಲ ಫೋನಲ್ಲಿ ಅರ್ಧ ಗಂಟೆ ಅದನ್ನೇ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಅಂತ ಕೂತಿದ್ದೇನೆ.

ಜಿಪ್ಸಿ ಓಡಿಸಿದವರಿಗೆ ಅದರ ಎಂಜಿನ್ ಗೊತ್ತು. 1.3 ಲೀಟರ್ ಪೆಟ್ರೋಲ್, 80 ಬಿಎಚ್‌ಪಿ, ಅದೂ 6,000 ಆರ್‌ಪಿಎಂಗೆ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು ತಿರುಗಿದಾಗ. ಟಾರ್ಕ್, ಅಂದರೆ ತಿರುಗಿಸುವ ಬಲ, 103 ನ್ಯೂಟನ್ ಮೀಟರ್, 4,500 ಮುಟ್ಟಿದ ಮೇಲೆ. ಕೆಳಗೆ ದಮ್ಮೇ ಇಲ್ಲ, ಚೀರಿಸಿದರೆ ಮಾತ್ರ ಎಳೆಯುತ್ತದೆ. ಕಮಲಾಪುರ ದಾಟಿ ಹುಮನಾಬಾದ್ ಕಡೆ ಏರು ಶುರುವಾದರೆ, ಒಳಗೆ ನಾಲ್ಕು ಜನ, ಹಿಂದೆ ಸಾಮಾನು ಇದ್ದರೆ ಐದರಿಂದ ನಾಲ್ಕಕ್ಕೆ, ನಾಲ್ಕರಿಂದ ಮೂರಕ್ಕೆ ಇಳೀತಾನೇ ಹೋಗಬೇಕು. ಒಮ್ಮೆ ಕಬ್ಬಿನ ಲಾರಿಯವನು ಹಿಂದೆ ಹಾರ್ನ್ ಒತ್ತಿ, ನನ್ನನ್ನು ದಾಟಿಕೊಂಡು ಹೋದ. ಕಬ್ಬು ತುಂಬಿದ ಲಾರಿ! ಆವತ್ತೇ ತಲೆಯಲ್ಲಿ ಹುಳ ಹೊಕ್ಕಿತು.

ಸೂಪರ್‌ಚಾರ್ಜರ್ ಅಂದರೆ ಬೆಲ್ಟ್‌ನಿಂದ ತಿರುಗುವ ಗಾಳಿ ಪಂಪು, ಅಷ್ಟೇ. ಎಂಜಿನ್ನಿಗೆ ಗಾಳಿ ಜಾಸ್ತಿ ತುರುಕಿದರೆ ಪೆಟ್ರೋಲೂ ಜಾಸ್ತಿ ಉರಿಯುತ್ತದೆ, ಜೋರು ಬರುತ್ತದೆ. ಇದೇ ಕೆಲಸ ಮಾಡುವ ಟರ್ಬೊ ತಿರುಗೋದು ಎಂಜಿನ್ ಹೊರಗೆ ಬಿಡುವ ಹೊಗೆಯಿಂದ, ಹಾಗಾಗಿ ಒಂದು ಕ್ಷಣ ಕಾಯಿಸುತ್ತದೆ. ನಮ್ಮ ಪಂಪು ಎಂಜಿನ್ ಜೊತೆಗೇ ತಿರುಗುವ ಕ್ರ್ಯಾಂಕ್ ಪುಲ್ಲಿಗೇ ಕಟ್ಟಿಕೊಂಡಿರುವುದರಿಂದ ಕಾಲಿಟ್ಟ ಕೂಡಲೇ ಗಾಳಿ ತಳ್ಳುತ್ತದೆ. ನಾನು ಹಾಕಿಸಿದ್ದು ಜಪಾನಿನ ಐಸಿನ್ ಕಂಪನಿಯ ಎಎಂಆರ್ 500, ಸೆಕೆಂಡ್ ಹ್ಯಾಂಡ್ ಮಾಲು. ಒಂದು ಸುತ್ತಿಗೆ 500 ಸಿಸಿ ಗಾಳಿ ಕೊಡುತ್ತದೆ, ನಮ್ಮ ಎಂಜಿನ್ ಒಂದು ಸುತ್ತಿಗೆ ಎಳೆದುಕೊಳ್ಳೋದು 650. ಅದಕ್ಕೇ ಚಿಕ್ಕ ಪುಲ್ಲಿ ಹಾಕಿ ಪಂಪನ್ನು ಕ್ರ್ಯಾಂಕ್‌ಗಿಂತ ಸುಮಾರು 1.7 ಪಟ್ಟು ಜೋರಾಗಿ ತಿರುಗಿಸಬೇಕು. ಆಗ ಐದಾರು ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಅದೇ ಅಳತೆ) ಬೂಸ್ಟ್, ಅಂದರೆ ಹೆಚ್ಚಿನ ಒತ್ತಡ, ಸಿಗುತ್ತದೆ.

ಯೂನಿಟ್‌ಗೆ 48 ಸಾವಿರ ಕೊಟ್ಟೆ. ಅದು ಚಿಲ್ಲರೆ ಖರ್ಚು. ಬ್ರಾಕೆಟ್, ಪುಲ್ಲಿ, ಪೈಪು, ಪೆಟ್ರೋಲ್ ಚಿಮ್ಮಿಸುವ ದೊಡ್ಡ ಇಂಜೆಕ್ಟರ್, ಎಂಜಿನ್ನಿನ ಕಂಪ್ಯೂಟರ್ ಇಸಿಯುಗೆ ಅದರ ಲೆಕ್ಕ ತಿದ್ದುವ ಒಂದು ಪಿಗ್ಗಿಬ್ಯಾಕ್ ಡಬ್ಬಿ, ಕೂಲಿ, ಹೈದರಾಬಾದಿಗೆ ಮೂರು ಸಲ ಓಡಾಟ, ಎಲ್ಲ ಸೇರಿ 1 ಲಕ್ಷದ 72 ಸಾವಿರ. ಮನೆಯಲ್ಲಿ ಹೇಳಿದ್ದು 90. ಒತ್ತಿದ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಬೇಕಾ ಅಂತ ಕೇಳಿದೆ. ಇಷ್ಟು ಕಮ್ಮಿ ಬೂಸ್ಟಿಗೆ ಯಾಕೆ ಸಾರ್, ಸುಮ್ನೆ ದುಡ್ಡು ದಂಡ ಅಂದರು ವರ್ಕ್‌ಶಾಪಿನವರು. ನಾನೂ ಉಳೀತಲ್ಲ ಅಂತ ಖುಷಿಪಟ್ಟೆ.

ಮೊದಲ ಆರು ತಿಂಗಳು ಸ್ವರ್ಗ. ಸುಳ್ಳು ಯಾಕೆ ಹೇಳಲಿ. ಎರಡು ಸಾವಿರ ಆರ್‌ಪಿಎಂಗೇ ಗಾಡಿ ಮುಂದಕ್ಕೆ ಜಗ್ಗುತ್ತಿತ್ತು, ಹುಮನಾಬಾದ್ ಏರನ್ನು ನಾಲ್ಕನೇ ಗೇರಿನಲ್ಲೇ ಹತ್ತುತ್ತಿತ್ತು. ಮತ್ತೆ ಆ ಸದ್ದು! ಹಿಟ್ಟಿನ ಗಿರಣಿ ದೂರದಲ್ಲಿ ಓಡ್ತಾ ಇರೋ ಹಾಗೆ ಒಂದು ಸಣ್ಣ ಕುಯ್‌ಗುಟ್ಟುವ ಸದ್ದು, ಕಾಲು ಒತ್ತಿದಷ್ಟೂ ಏರುತ್ತದೆ. ಶಕ್ತಿ ಅಳೆಯುವ ಡೈನೋ ಯಂತ್ರದ ಮೇಲೆ ಏರಿಸಿಲ್ಲ, ಆದ್ದರಿಂದ ಇಷ್ಟು ಬಿಎಚ್‌ಪಿ ಬಂತು ಅಂತ ಬುರುಡೆ ಬಿಡೋದಿಲ್ಲ. ಮೈಲೇಜ್ ಮಾತ್ರ ಬರೆದಿಟ್ಟಿದ್ದೇನೆ. 11 ಕೊಡುತ್ತಿದ್ದದ್ದು 8ಕ್ಕೆ ಬಂತು. ಟ್ಯಾಂಕ್ 40 ಲೀಟರ್, ಲೆಕ್ಕ ಹಾಕಿಕೊಳ್ಳಿ.

ಆದರೆ ನಾನು ಇದನ್ನು ಹೈವೇಗೆ ಹಾಕಿಸಿದ್ದಲ್ಲ, ಅಲ್ವಾ? ಹೊಲ, ಹಳ್ಳ, ಗುಡ್ಡಕ್ಕೆ ಅಂತ ಹಾಕಿಸಿದ್ದು. ಆ ವರ್ಷ ಮಿರಗದ ಮಳೆ ಬಿದ್ದ ಮರುದಿನ ಚಿತ್ತಾಪುರದ ಹತ್ತಿರ ನಮ್ಮ ಮಾವನ ಹೊಲಕ್ಕೆ ಬೀಜದ ಚೀಲ ಹಾಕಿಕೊಂಡು ಹೊರಟೆ. ನಮ್ಮ ಎರೆಮಣ್ಣು ಗೊತ್ತಲ್ಲ, ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು, ಮಳೆ ಬಿದ್ದರೆ ಒಂದೊಂದು ಚಪ್ಪಲಿ ಒಂದೊಂದು ಕೆಜಿ. ಬದು ದಾಟಿ ಐವತ್ತು ಹೆಜ್ಜೆ ಹೋಗಿರಬೇಕು, ಗಾಡಿ ಜಾರಿತು. ಫೋರ್ ಲೋ, ಅಂದರೆ ನಾಲ್ಕೂ ಗಾಲಿಗೆ ನಿಧಾನಕ್ಕೆ ಎಳೆಯುವ ಗೇರು, ಹಾಕಿ ಕಾಲು ಒತ್ತಿದೆ. ಹೊಸ ಜೋರು ಇತ್ತಲ್ಲ, ನಾಲ್ಕೂ ಗಾಲಿ ಒಟ್ಟಿಗೆ ತಿರುಗಿದವು, ಗಾಡಿ ಇದ್ದಲ್ಲೇ ಕುಸಿಯಿತು. ಟೈರಿನ ಗೀರೆಲ್ಲ ಮಣ್ಣಿನಿಂದ ತುಂಬಿ ನುಣ್ಣಗಾಗಿದ್ದವು. ಮಡ್‌ಗಾರ್ಡಿಗೂ ಟೈರಿಗೂ ನಡುವೆ ಮಣ್ಣು ಎಷ್ಟು ಒತ್ತಿಕೊಂಡಿತ್ತು ಅಂದರೆ ಆಮೇಲೆ ಕುಡಗೋಲಿನಿಂದ ಕೆತ್ತಿ ತೆಗೆದೆವು. ಪಕ್ಕದ ಹೊಲದ ಮುದುಕಪ್ಪ ಬಂದು ಸ್ವಲ್ಪ ಹೊತ್ತು ನೋಡಿದ. "ತಮ್ಮಾ, ಗಾಲಿ ತಿರುಗಿಸಿದಷ್ಟೂ ಒಳಗೇ ಹೋಗ್ತದ. ಸುಮ್ಕ ಬಿಡು, ಟ್ರ್ಯಾಕ್ಟರ್ ಕಳಿಸ್ತೀನಿ" ಅಂದ. ಸೂಪರ್‌ಚಾರ್ಜರ್ ಇಲ್ಲದಾಗಲೂ ಇದೇ ಹೊಲದಲ್ಲಿ ಸಿಕ್ಕಿಬಿದ್ದಿದ್ದೆ. ಆಗ ಇಷ್ಟು ಆಳ ಹೋಗಿರಲಿಲ್ಲ, ಅಷ್ಟೇ ಫರಕು.

ಶಹಾಪುರ, ಸುರಪುರ ಕಡೆ ಬಂಡೆಗಲ್ಲಿನ ಗುಡ್ಡಗಳಲ್ಲಿ ಕಥೆ ಬೇರೆ, ಅಲ್ಲಿ ಹಿಡಿತ ಚೆನ್ನಾಗಿ ಸಿಗುತ್ತದೆ. ಆದರೆ ಅಲ್ಲಿ ಬೇಕಾದ್ದು ನಿಧಾನ. ಒಂದು ಗಾಲಿ ಕಲ್ಲಿನ ಮೇಲೆ, ಇನ್ನೊಂದು ಗಾಳಿಯಲ್ಲಿ ಇರುವಾಗ ಕಾಲು ಒಂದು ಕೂದಲೆಳೆ ಅಲ್ಲಾಡಿದರೆ ಬೂಸ್ಟ್ ಎದ್ದು ಗಾಡಿ ನೆಗೆಯುತ್ತಿತ್ತು. ಲೋ ಗೇರಿನ ಅನುಪಾತ ಜಿಪ್ಸಿಯಲ್ಲಿ 2.27 ಮಾತ್ರ, ಅದು ತೆವಳುವುದಕ್ಕೆ ಸಾಲೋದಿಲ್ಲ. ಅದನ್ನೇ 4.16ಕ್ಕೆ ಬದಲಾಯಿಸಿದರೆ ಗಾಲಿಗೆ ಹೋಗುವ ಟಾರ್ಕ್ ಲೋನಲ್ಲಿ 80 ಪರ್ಸೆಂಟಿಗಿಂತ ಜಾಸ್ತಿ ಆಗುತ್ತದೆ. ಸೂಪರ್‌ಚಾರ್ಜರ್‌ನಿಂದ 30 ಬಂದರೆ ಪುಣ್ಯ. ಗೇರಿಗೆ ಪೆಟ್ರೋಲ್ ಬೇಡ, ಬೆಲ್ಟ್ ಬೇಡ, ಬಿಸಿಯೂ ಇಲ್ಲ. ಈ ಲೆಕ್ಕ ನನಗೆ ಮೊದಲೇ ಗೊತ್ತಿತ್ತು ಅನ್ನೋದೇ ಬೇಜಾರು. ಗೇರು ಬದಲಾಯಿಸಿದರೆ ಯಾರಿಗೂ ಕೇಳಿಸೋದಿಲ್ಲ, ಸೂಪರ್‌ಚಾರ್ಜರ್ ಊರಿಗೆಲ್ಲ ಕೇಳಿಸುತ್ತದೆ.

ಬೆಲ್ಟಿನ ಕಾಟ ಬೇರೆ. ಕೆಸರು ನೀರು ಪುಲ್ಲಿಗೆ ಹಾರಿದರೆ ಜಾರಿ ಕೀಚ್ ಅನ್ನುತ್ತದೆ. ಅದರಲ್ಲಿ ಮರಳಿದ್ದರೆ ಅಂಚು ಸವೆಯುತ್ತದೆ. ಒಟ್ಟು ನಾಲ್ಕು ಬೆಲ್ಟ್ ಹೋದವು.

ಇನ್ನು ಬಿಸಿ. ನಮ್ಮ ಕಡೆ ಇದೇ ದೊಡ್ಡ ಮಾತು. ಗಾಳಿ ಒತ್ತಿದರೆ ಕಾಯುತ್ತದೆ, ಸೈಕಲ್ ಪಂಪಿನ ಬುಡ ಮುಟ್ಟಿ ನೋಡಿದವರಿಗೆ ಗೊತ್ತು. ಮೇ ತಿಂಗಳಲ್ಲಿ ಕಲಬುರಗಿ 43 ಡಿಗ್ರಿ. ಆ ಗಾಳಿಯನ್ನು 6 ಪಿಎಸ್‌ಐಗೆ ಒತ್ತಿದರೆ, ಪಂಪು ಒಂದಿಷ್ಟೂ ನಷ್ಟ ಮಾಡದೆ ಇದ್ದರೂ 75 ಡಿಗ್ರಿ ಆಗುತ್ತದೆ. ಇಂಥ ಪಂಪುಗಳು ಅಷ್ಟು ಸಾಚಾ ಅಲ್ಲ, 100ರ ಹತ್ತಿರ ಹೋಗುತ್ತದೆ. ಬಾನೆಟ್ ಒಳಗಿನ ಬಿಸಿ ಅದರ ಮೇಲೆ. ರಿಂಗ್ ರೋಡಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ನನ್ನ ಸೆನ್ಸರ್ 112 ತೋರಿಸಿತ್ತು. ಅಷ್ಟು ಕಾದ ಗಾಳಿ ಸಿಲಿಂಡರಿಗೆ ಹೋದರೆ ಪೆಟ್ರೋಲ್ ಕಿಡಿ ಬರೋಕೆ ಮೊದಲೇ ತಾನೇ ಹೊತ್ತಿಕೊಳ್ಳಬಹುದು, ಇಲ್ಲವೇ ಕಿಡಿ ಬಂದ ಮೇಲೆ ಉಳಿದದ್ದು ಒಮ್ಮೆಲೇ ಸಿಡಿಯುತ್ತದೆ. ನಾಕಿಂಗ್ ಅನ್ನೋದು ಈ ಎರಡನೆಯದನ್ನೇ. ಡಬ್ಬಿಯಲ್ಲಿ ಕಡಲೆ ಅಲ್ಲಾಡಿಸಿದ ಹಾಗೆ ಕೇಳುತ್ತದೆ. ನನ್ನ ಗಾಡಿಯಲ್ಲಿ ಆ ಸದ್ದು ಗಿರಣಿ ಸದ್ದಿನಲ್ಲಿ ಮುಳುಗಿಹೋಗಿತ್ತು.

2023ರ ಮೇನಲ್ಲಿ ಜೇವರ್ಗಿಯಿಂದ ಬರುವಾಗ ಹಿಂದೆ ನೀಲಿ ಹೊಗೆ. ನಮ್ಮ ಮೆಕ್ಯಾನಿಕ್ ಉಸ್ತಾದ್ ಕಂಪ್ರೆಷನ್, ಅಂದರೆ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಅಂತ, ನೋಡಿದರು. ಮೂರನೇ ನಂಬರಿನ ಸಿಲಿಂಡರ್ 95 ಪಿಎಸ್‌ಐ, ಉಳಿದ ಮೂರೂ 170ರ ಆಸುಪಾಸು. ಎರಡು ದಿನ ಬಿಟ್ಟು ಬಾ ಅಂದರು. ಹೋದಾಗ ಹಳೇ ಉರ್ದು ಪೇಪರಿನ ಮೇಲೆ ನಾಲ್ಕು ಪಿಸ್ಟನ್ ಸಾಲಾಗಿ ಇಟ್ಟಿದ್ದರು. ಮೂರನೆಯದ್ದನ್ನು ಅಂಗೈಯಲ್ಲಿ ಹಿಡಿದು ನಿಧಾನಕ್ಕೆ ತಿರುಗಿಸಿದರು. ಎರಡು ರಿಂಗ್‌ಗಳ ನಡುವಿನ ಅಂಚು ಬೆರಳಿನ ಅಗಲ ಮುರಿದು ಹೋಗಿತ್ತು, ಇಲಿ ಕಡಿದ ಬಿಸ್ಕತ್ತಿನ ಹಾಗೆ. ಮೇಲ್ಭಾಗದಲ್ಲಿ ಸಣ್ಣ ಸಣ್ಣ ಚುಕ್ಕಿ, ಯಾರೋ ಮೊಳೆಯಿಂದ ಕುಟ್ಟಿದ ಹಾಗೆ. "ಸಾಬ್, ಈ ಗಾಡಿಗಿ ಜೋರ್ ಕಮ್ಮಿ ಇರ್ಲಿಲ್ರಿ, ಪಕಡ್ (ಹಿಡಿತ) ಕಮ್ಮಿ ಇತ್ತು. ನೀವು ಜೋರ್ ತಂದು ಹಾಕೀರಿ" ಅಂದರು. ಚಹಾ ತರಿಸಿದರು, ಬಿಲ್ ಆಮೇಲೆ ಕೊಟ್ಟರು. 74 ಸಾವಿರ.

ಆಗಲೇ ಬಿಚ್ಚಬೇಕಿತ್ತು. ಬಿಚ್ಚಲಿಲ್ಲ, ಯಾಕಂದರೆ ಹಿಂದಿನ ವರ್ಷದ ಲಡಾಖ್ ತಲೆಯಲ್ಲಿತ್ತು. ಅಲ್ಲಿ ಮಾತ್ರ ಈ ಯಂತ್ರ ತನ್ನ ಕೂಲಿ ದುಡಿದು ಕೊಟ್ಟಿತು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಖಾರ್ದುಂಗ್ ಲಾ 5,359 ಮೀಟರ್. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧದಷ್ಟು. ನಮ್ಮ ಜೊತೆ ಬಂದಿದ್ದ ಬೀದರಿನ ಗೆಳೆಯನ ಜಿಪ್ಸಿ ಒಂದನೇ ಗೇರಿನಲ್ಲಿ ಕ್ಲಚ್ ಸುಟ್ಟ ವಾಸನೆ ಬಿಡುತ್ತ ಹತ್ತುತ್ತಿತ್ತು. ನಂದು ಎರಡನೇ ಗೇರಿನಲ್ಲಿ ಆರಾಮಾಗಿ ಹೋಯಿತು. ಅಲ್ಲಿ ಸಿಗುವ ಅರ್ಧ ಗಾಳಿಯನ್ನು ಈ ಪಂಪು ಹೆಚ್ಚುಕಮ್ಮಿ ಮುಕ್ಕಾಲು ಮಾಡಿಕೊಡುತ್ತದೆ. ತಣ್ಣನೆ ಗಾಳಿ, ನಾಕಿಂಗ್ ಇಲ್ಲ. ಎಲ್ಲಾ ಸರಿ. ಆದರೆ ನಾನಿರೋದು ಕಲಬುರಗಿಯಲ್ಲಿ, ಸುಮಾರು 450 ಮೀಟರ್ ಎತ್ತರ, ಬೀದರ್ ಅಂದರೂ 700ರ ಒಳಗೆ ಹೊರಗೆ. ಇಲ್ಲಿ ಎತ್ತರದಿಂದ ಎಂಜಿನ್ ಕಳೆದುಕೊಳ್ಳೋದು ಐದೋ ಏಳೋ ಪರ್ಸೆಂಟು. ಹತ್ತು ದಿನದ ಲಡಾಖಿಗಾಗಿ ನಾಲ್ಕೂವರೆ ವರ್ಷ ಬಿಸಿ ಹೊತ್ತೆ.

ಕೊನೆಗೆ ಬಿಚ್ಚಿಸಿದ್ದಕ್ಕೆ ಎರಡು ಕಾರಣ. ಒಂದು ಪೆಟ್ರೋಲ್. ಈಗ ಎಲ್ಲಾ ಬಂಕಿನಲ್ಲೂ 20 ಪರ್ಸೆಂಟ್ ಎಥೆನಾಲ್. ಎಥೆನಾಲ್ ನಾಕಿಂಗ್ ತಡೆಯುತ್ತದೆ, ನಿಜ. ಆದರೆ ಒಂದು ಕೆಜಿ ಪೆಟ್ರೋಲಿಗೆ 14.7 ಕೆಜಿ ಗಾಳಿ ಬೇಕಾದರೆ ಎಥೆನಾಲಿಗೆ 9 ಸಾಕು. ಅಂದರೆ ಅದೇ ಗಾಳಿಗೆ ಜಾಸ್ತಿ ಇಂಧನ ಹಾಕಬೇಕು. ಮಾಮೂಲಿ ಓಡಾಟದಲ್ಲಿ ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು ಸರಿಮಾಡಿಕೊಳ್ಳುತ್ತದೆ, ಫುಲ್ ಬೂಸ್ಟ್‌ನಲ್ಲಿ ಎಷ್ಟು ಪೆಟ್ರೋಲ್ ಹಾಕಬೇಕು ಅಂತ ಮೊದಲೇ ತುಂಬಿಟ್ಟ ಹಳೇ ಲೆಕ್ಕವನ್ನೇ, ಅಂದರೆ ಟ್ಯೂನನ್ನೇ, ನಂಬಿ ಹೋಗುತ್ತದೆ. ನನ್ನ ಟ್ಯೂನ್ 2021ರದ್ದು. ಮತ್ತೊಂದು ಪಿಸ್ಟನ್ ಕಳೆಯೋಕೆ ನನಗೆ ಮನಸ್ಸಿರಲಿಲ್ಲ.

ಎರಡನೆಯದು ಆರ್‌ಟಿಒ. ಇದನ್ನು ಯಾರೂ ಮೊದಲು ಕೇಳೋದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಾಡು ಮಾಡುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಮಾಡಿ ಹೇಳಿದೆ. ನಾನು ಮಾಡಿದ್ದು ತಪ್ಪೇ, ಸಮರ್ಥನೆ ಇಲ್ಲ. 2011ರ ಗಾಡಿಗೆ 2026ಕ್ಕೆ 15 ವರ್ಷ, ಆರ್‌ಸಿ ನವೀಕರಣಕ್ಕೆ ಬಾನೆಟ್ ತೆಗೆದು ತೋರಿಸಬೇಕು. ನಾಳೆ ಏನಾದರೂ ಆದರೆ ಇನ್ಶೂರೆನ್ಸ್‌ನವರು ಇದೊಂದನ್ನೇ ಹಿಡಿದು ಕ್ಲೇಮ್ ತಳ್ಳಿಹಾಕಬಹುದು.

ಬಿಚ್ಚಿಸಿದ ಮೇಲೆ ಮಡ್ ಟೈರ್ ಹಾಕಿಸಿದೆ, ಹೊಲಕ್ಕೆ ಇಳಿಯುವ ಮೊದಲು ಗಾಳಿ 16 ಪಿಎಸ್‌ಐಗೆ ಇಳಿಸುತ್ತೇನೆ. ಗೇರಿಗೆ, ಎಡ ಬಲ ಗಾಲಿ ಒಟ್ಟಿಗೆ ತಿರುಗಿಸುವ ಲಾಕರ್‌ಗೆ ಇನ್ನೂ ಕೈ ಹಾಕಿಲ್ಲ, ಅದಕ್ಕೂ ಕಾಯ್ದೆ ಏನು ಹೇಳುತ್ತೆ ಅಂತ ಮೊದಲು ಕೇಳಬೇಕು. ಈ ಸಲ ಎಳ್ಳ ಅಮಾಸಿಗೆ ಭಜ್ಜಿ, ಸಜ್ಜೆ ಕಡುಬಿನ ಬುಟ್ಟಿ, ಮನೆ ಮಂದಿ, ಮಾವನ ಮನೆಯವರು, ಎಲ್ಲರನ್ನೂ ಹೇರಿಕೊಂಡು ಹೊಲದ ನಡುವಿನ ತನಕ ಹೋದೆ. ಹೊಲ ಒಣಗಿತ್ತು ಅನ್ನಿ, ಅದನ್ನು ಪರೀಕ್ಷೆ ಅಂತ ಕರೆಯಲಾರೆ. ಹುಮನಾಬಾದ್ ಏರಿನಲ್ಲಿ ಮತ್ತೆ ಮೂರನೇ ಗೇರು. ಆ ಸದ್ದು ನೆನಪಾಗುತ್ತದೆ.

ಯೂನಿಟ್ ತೊಗರಿ ಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ಹೋದ ತಿಂಗಳು ಬೀದರ್ ಕಡೆಯ ಹುಡುಗ ಒಬ್ಬ ನೋಡೋಕೆ ಬಂದಿದ್ದ. ಫೋನಲ್ಲಿ ತನ್ನ ಜಿಪ್ಸಿಯ ಫೋಟೋ ತೋರಿಸಿದ, ಹಿಂದಿನ ಎರಡೂ ಟೈರು ಬೋಳು. ಮೊದಲು ಟೈರ್ ಹಾಕಿಸು ತಮ್ಮಾ, ಆಮೇಲೆ ಬಾ ಅಂದೆ. ಬಿಸಿಯ ಕಥೆ ಹೇಳಿದೆ, ಪಿಸ್ಟನ್ ತಂದು ತೋರಿಸಿದೆ, 52ನೇ ಕಲಂ ಹೇಳಿದೆ. ಅವನು ಎಲ್ಲಾ ಕೇಳಿಸಿಕೊಂಡು, ಹೆಲ್ಮೆಟ್ ಹಾಕಿಕೊಳ್ಳುವಾಗ, "ಮಾರಾಕ ಮನಸ್ಸಿಲ್ಲಂದ್ರ ನೇರ ಹೇಳ್ರಿ ಅಣ್ಣಾ" ಅಂದು ಗೆಳೆಯನ ಬೈಕ್ ಹತ್ತಿ ಹೋದ. ಜಿಪ್ಸಿ ಯಾಕೆ ತಂದಿಲ್ಲ, ಫೋಟೋ ಮಾತ್ರ ಯಾಕೆ ತೋರಿಸ್ತೀಯ ಅಂತ ಅವನನ್ನು ಕೇಳಬೇಕಿತ್ತು. ಆಮೇಲೆ ಗೊತ್ತಾಯಿತು, ಹೊಲದಲ್ಲಿ ಸಿಕ್ಕಿಬಿದ್ದಿದೆಯಂತೆ.