ಬೆಣೆಯೋ ಹಿಂಜೋ: ಹರಿದ ಅಕಿಲಿಸ್‌ಗೆ ನಾನು ತೊಟ್ಟು ನೋಡಿದ ಬೂಟುಗಳು

ನನ್ನ ಬಲಗಾಲಿನ ಅಕಿಲಿಸ್, ಅಂದರೆ ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜು, ಹರಿದಿತ್ತು. ಮೊದಲೇ ಹೇಳಿಬಿಡುತ್ತೇನೆ. ಪಾದದ ಕೋನ ಬದಲಿಸುವ ಹಿಂಜ್, ಅಂದರೆ ತಿರುಗುವ ಕೀಲು, ಮತ್ತು ಗಾಳಿ ಎಳೆದರೆ ಗಟ್ಟಿಯಾಗುವ ನಿರ್ವಾತ ಮೆತ್ತೆ ಇರುವ ಬೂಟನ್ನೇ ಮೊದಲು ಕೊಂಡಿದ್ದರೆ ನನಗೆ ಮೂರು ವಾರಗಳ ಕಾಟ ತಪ್ಪುತ್ತಿತ್ತು, ಎರಡು ಸಲ ದುಡ್ಡು ಸುರಿಯುವುದೂ ತಪ್ಪುತ್ತಿತ್ತು. ನಾನು ಕೊಂಡದ್ದು ಹಿಮ್ಮಡಿಯನ್ನು ಬೆಣೆಗಳಿಂದ ಎತ್ತಿ ಹಿಡಿಯುವ ಬೂಟು. ಅದು ಅಗ್ಗವಾಗಿತ್ತು, ಹಗುರವಾಗಿತ್ತು, ನೋಡಿದರೆ ತಿಳಿಯುವಷ್ಟು ಸರಳವಾಗಿತ್ತು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ, ಆದ್ದರಿಂದ ಇಲ್ಲಿ ಪಕ್ಷಪಾತ ಕಂಡರೆ ಅದು ಇದ್ದೇ ಇದೆ ಎಂದುಕೊಳ್ಳಿ.

ಗಾಯದ ಕಥೆ ಎಲ್ಲರದ್ದೂ ಒಂದೇ. ಶಟಲ್ ಆಡುತ್ತಿದ್ದೆ, ಹಿಂದಿನಿಂದ ಯಾರೋ ಒದ್ದಂತಾಯಿತು, ತಿರುಗಿ ನೋಡಿದರೆ ಯಾರೂ ಇರಲಿಲ್ಲ. ವೈದ್ಯರು ನನ್ನನ್ನು ಬೋರಲಾಗಿ ಮಲಗಿಸಿ ಎರಡೂ ಕಾಲುಗಳ ಮೀನಖಂಡವನ್ನು ಹಿಂಡಿದರು. ಎಡಪಾದ ತಾನಾಗಿ ಕೆಳಕ್ಕೆ ಬಾಗಿತು, ಬಲಪಾದ ಕದಲಲಿಲ್ಲ, ಅಂದರೆ ಆ ಕಾಲಿನ ರಜ್ಜು ಹರಿದಿತ್ತು. ಶಸ್ತ್ರಚಿಕಿತ್ಸೆ ಬೇಡ ಎಂದು ತೀರ್ಮಾನವಾಯಿತು. ಎರಡು ವಾರ ಪ್ಲಾಸ್ಟರ್, ಅದರ ನಂತರ ಬೂಟು.

ಬೂಟು ಕೊಳ್ಳುವಾಗ ನನಗೆ ತಿಳಿಯದೇ ಇದ್ದ ಒಂದೇ ವಿಷಯ, ಅದು ಯಾಕೆ ಬೇಕು ಎಂಬುದು. ಕಾಲಿಗೆ ಪೆಟ್ಟು ತಾಗದಂತೆ ಕಾಯುವ ಚಿಪ್ಪು ಎಂದುಕೊಂಡಿದ್ದೆ. ಅದರ ಮುಖ್ಯ ಕೆಲಸ ಬೇರೆ. ಹಿಮ್ಮಡಿಯ ಮೂಳೆಯನ್ನೂ ಮೀನಖಂಡವನ್ನೂ ಜೋಡಿಸುವ ಈ ಸ್ನಾಯುರಜ್ಜು ಸಾಮಾನ್ಯವಾಗಿ ಹಿಮ್ಮಡಿಯಿಂದ 2ರಿಂದ 6 ಸೆಂಟಿಮೀಟರ್ ಮೇಲೆ ಹರಿಯುತ್ತದೆ. ಕಾಲ್ಬೆರಳು ನೆಲ ನೋಡುವಂತೆ ಪಾದವನ್ನು ಬಾಗಿಸಿದರೆ ಹರಿದ ತುದಿಗಳು ಹತ್ತಿರ ಬರುತ್ತವೆ. ಆ ಸ್ಥಿತಿಯಲ್ಲೇ ವಾರಗಟ್ಟಲೆ ಇದ್ದರೆ ಅವು ಬೇಕಾದ ಉದ್ದಕ್ಕೆ ಕೂಡುತ್ತವೆ. ನಡುವೆ ಎಳೆದಾಡಿದರೆ ರಜ್ಜು ಉದ್ದವಾಗಿ ಕೂಡುತ್ತದೆ. ಉದ್ದವಾದ ಹಗ್ಗದಿಂದ ಗಾಡಿ ಎಳೆದ ಹಾಗೆ, ಮೀನಖಂಡ ಎಷ್ಟು ಸೆಳೆದರೂ ಹಿಮ್ಮಡಿ ಏಳುವುದಿಲ್ಲ, ತುದಿಗಾಲಲ್ಲಿ ನಿಲ್ಲಲು ಆಗುವುದಿಲ್ಲ. ಅಂದರೆ ಈ ಬೂಟು ಒಂದು ಕೋನವನ್ನು ಹಿಡಿದಿಡುವ ಸಾಧನ. ಮೆತ್ತೆ, ಗಾಳಿ, ಬಣ್ಣಗಳೆಲ್ಲ ಆಮೇಲಿನ ಮಾತು.

ಪ್ಲಾಸ್ಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಕೋನವನ್ನು ಹಿಡಿದಿಡುತ್ತದೆ, ನನ್ನಂಥವನ ಕೈಗೆ ಸಿಕ್ಕಿ ಹಾಳಾಗುವುದೂ ಇಲ್ಲ. ಬ್ರಿಟನ್ನಿನಲ್ಲಿ 540 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಪ್ಲಾಸ್ಟರ್ ಹಾಕಿಸಿಕೊಂಡವರಿಗೂ ಬೂಟು ತೊಟ್ಟು ಬೇಗ ನಡೆದವರಿಗೂ ಒಂಬತ್ತು ತಿಂಗಳ ನಂತರ ಕಾಲಿನ ಚೇತರಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಒಳಗೆ ತುರಿಕೆ ಶುರುವಾದಾಗ ಕೆರೆದುಕೊಳ್ಳಲು ಅಳತೆಪಟ್ಟಿ ಎಲ್ಲಿದೆ ಎಂದು ಹುಡುಕುವ ಮನುಷ್ಯ ನಾನು. ಎರಡು ವಾರವೇ ಸಾಕಾಗಿಹೋಯಿತು.

ಈಗ ಬೆಣೆಗಳ ಬೂಟಿಗೆ ಬರುತ್ತೇನೆ. ಗಟ್ಟಿ ಪ್ಲಾಸ್ಟಿಕ್ ಚಿಪ್ಪು, ಮೊಣಕಾಲಿನ ತುಸು ಕೆಳಗಿನವರೆಗೆ ಎತ್ತರ, ಒಳಗೆ ಗಾಳಿ ತುಂಬುವ ಚೀಲಗಳು, ಐದು ವೆಲ್ಕ್ರೋ ಪಟ್ಟಿಗಳು. ಪಾದದ ಕೀಲು 90 ಡಿಗ್ರಿಯಲ್ಲೇ ಸ್ಥಿರ. ಕೋನ ಬರುವುದು ಹಿಮ್ಮಡಿಯ ಕೆಳಗೆ ಒಂದರ ಮೇಲೊಂದು ಜೋಡಿಸಿದ ಮೂರು ಬೆಣೆಗಳಿಂದ. ವೈದ್ಯರು ಹೇಳಿದ ದಿನ ಒಂದೊಂದನ್ನೇ ತೆಗೆಯುತ್ತಾ ಬಂದರೆ ಪಾದ ಕ್ರಮೇಣ ಸಮತಟ್ಟಾಗುತ್ತದೆ. ಇದಕ್ಕಿಂತ ಸುಲಭ ಉಪಾಯ ಇನ್ನೇನಿದೆ ಎಂದು ಮೊದಲ ದಿನ ನಾನೇ ಮೆಚ್ಚಿಕೊಂಡಿದ್ದೆ.

ಎರಡನೆಯ ದಿನ ಸಂಜೆ ಅಂಗಾಲಿನ ಕಮಾನಿನಲ್ಲಿ ನೋವು. ಬೂಟು ಬಿಚ್ಚಿ ನೋಡಿದರೆ ಬೆಣೆಗಳ ಗಂಟು ಮುಂದಕ್ಕೆ ಸರಿದಿತ್ತು. ಹಿಮ್ಮಡಿ ಕೂರಬೇಕಾದ ಜಾಗದಲ್ಲಿ ಕಮಾನು ಕೂತಿತ್ತು. ಹಿಮ್ಮಡಿಯ ಹಿಂಬದಿ ಬೆಣೆಗೂ ಚಿಪ್ಪಿನ ಗೋಡೆಗೂ ನಡುವಿನ ಸಂದಿಯಲ್ಲಿ ಜೋತು ಬಿದ್ದಿತ್ತು. ಎತ್ತಿ ಹಿಡಿಯಬೇಕಾದ ಭಾಗವೇ ಕೆಳಗೆ. ಹಿಂದಕ್ಕೆ ತಳ್ಳಿ ಸರಿಪಡಿಸಿದೆ. ಮಾರನೆಯ ದಿನ ಮತ್ತೆ ಅದೇ. ನನ್ನ ನಡಿಗೆಯೇ ಸರಿ ಇಲ್ಲವೇನೋ ಎಂಬ ಅನುಮಾನಕ್ಕೆ ಬೂಟಿನ ಅಡಿಹಲಗೆಯ ಮೇಲೂ ಬೆಣೆಯ ಅಂಚಿನ ಮೇಲೂ ಪೆನ್ನಿನಿಂದ ಸೇರುವಂತೆ ಒಂದು ಗೆರೆ ಎಳೆದೆ. ಬೆಳಗ್ಗೆ ಒಂದೇ ಗೆರೆಯಾಗಿದ್ದದ್ದು ಸಂಜೆಗೆ ಒಂದು ಬೆರಳಿನಷ್ಟು ಬೇರೆಯಾಗಿತ್ತು. ನಾನು ಅಂದು ನಡೆದದ್ದು ಮಂಚದಿಂದ ಮೇಜಿಗೆ, ಮೇಜಿನಿಂದ ಬಚ್ಚಲಿಗೆ, ಅಷ್ಟೇ.

ಅಲ್ಲಿಂದ ಶುರುವಾಯಿತು ನನ್ನ ದುರಸ್ತಿ ಕೆಲಸ. ಎರಡು ಬದಿ ಅಂಟುವ ಟೇಪು ಹಾಕಿದೆ. ಬೆವರಿಗೆ ಅದು ಕರಗಿ ಕಾಲುಚೀಲಕ್ಕೆ ಅಂಟಿಕೊಂಡಿತು, ಬೆಣೆಗೆ ಅಂಟಲಿಲ್ಲ. ಕಾಲುಚೀಲ ಎರಡು ತೊಟ್ಟೆ. ಕಾಲು ಬೆಂದಂತಾಯಿತೇ ಹೊರತು ಬೆಣೆ ನಿಲ್ಲಲಿಲ್ಲ. ನಡುವಿನ ಪಟ್ಟಿಯನ್ನು ಹಲ್ಲು ಕಚ್ಚಿ ಬಿಗಿದೆ. ಬೆರಳುಗಳು ಜೋಮು ಹಿಡಿದವು. ಗಾಳಿ ಹೆಚ್ಚು ತುಂಬಿದರೆ ಪಾದ ಕದಲಲಾರದು ಎಂದುಕೊಂಡು ಪಂಪು ಒತ್ತಿದೆ, ಅದು ಎಲ್ಲಕ್ಕಿಂತ ದೊಡ್ಡ ತಪ್ಪು. ಹಿಂಬದಿಯ ಗಾಳಿಚೀಲ ಉಬ್ಬಿದಷ್ಟೂ ಹಿಮ್ಮಡಿಯನ್ನು ಮುಂದಕ್ಕೆ ದಬ್ಬುತ್ತದೆ. ಹಿಮ್ಮಡಿಯ ಜೊತೆಗೆ ಬೆಣೆಯೂ ಹೊರಡುತ್ತದೆ. ಜಾರುವುದನ್ನು ತಡೆಯಲು ನಾನು ಮಾಡುತ್ತಿದ್ದ ಕೆಲಸವೇ ಅದನ್ನು ಜಾರಿಸುತ್ತಿತ್ತು.

ಕೊನೆಗೆ ಸ್ವಲ್ಪ ಮಟ್ಟಿಗೆ ಕೈಹಿಡಿದದ್ದು ಪಟ್ಟಿ ಕಟ್ಟುವ ಕ್ರಮ. ಇದನ್ನು ಫಿಸಿಯೋಥೆರಪಿಸ್ಟ್ ತೋರಿಸಿಕೊಟ್ಟರು. ಕುರ್ಚಿಯಲ್ಲಿ ಕೂತು, ಮೊಣಕಾಲು ಮಡಿಸಿ, ಹಿಮ್ಮಡಿಯನ್ನು ಹಿಂಗೋಡೆಗೆ ತಾಗಿಸಬೇಕು. ಮೊದಲು ಪಾದದ ಕೀಲಿನ ಮುಂದೆ ಹಾಯುವ ಪಟ್ಟಿ, ಆಮೇಲೆ ಬೆರಳ ಕಡೆಯದು, ಆಮೇಲೆ ಕೆಳಗಿನಿಂದ ಮೇಲಕ್ಕೆ ಉಳಿದವು. ಗಾಳಿ ಕಟ್ಟಕಡೆಗೆ, ಅದೂ ಮೆತ್ತಗೆ ತಾಗುವಷ್ಟು ಮಾತ್ರ. ಮಂಚದ ಮೇಲೆ ಕಾಲು ಚಾಚಿಕೊಂಡು ಮೇಲಿನಿಂದ ಕೆಳಕ್ಕೆ ಕಟ್ಟುತ್ತಿದ್ದವನು ನಾನು. ಕ್ರಮ ಬದಲಾದ ಮೇಲೆ ಗೆರೆಗಳ ಅಂತರ ಅರ್ಧಕ್ಕೆ ಇಳಿಯಿತು. ಹಗಲಿನಲ್ಲಿ ಅಷ್ಟು ಸಾಕಾಗಿತ್ತು.

ರಾತ್ರಿಯದು ಬೇರೆಯೇ ಕಥೆ. ಬೂಟು ತೊಟ್ಟೇ ಮಲಗಬೇಕೆಂದು ನನಗೆ ಹೇಳಿದ್ದರು. ನಾನು ನಿದ್ದೆಯಲ್ಲಿ ಹೊರಳುವವನು, ಚಿಕ್ಕಂದಿನಿಂದಲೂ ಹಾಗೆಯೇ. ಹೊರಳಿದಾಗೆಲ್ಲ ಹೊದಿಕೆ ವೆಲ್ಕ್ರೋಗೆ ಸಿಕ್ಕಿ, ಮೇಲಿನ ಪಟ್ಟಿ ಕರ್ರೆಂದು ಬಿಚ್ಚಿಕೊಂಡು, ಬೆಳಗಾಗುವಷ್ಟರಲ್ಲಿ ಹಿಮ್ಮಡಿ ಬೆಣೆಯ ಮೇಲೆ ಎಲ್ಲೋ ತೇಲುತ್ತಿರುತ್ತಿತ್ತು. ಎದ್ದು ಇಡುವ ಮೊದಲ ಹೆಜ್ಜೆಗೆ ಅದು ತಟ್ಟನೆ ಸಂದಿಗೆ ಇಳಿಯುತ್ತಿತ್ತು. ಕೂಡುತ್ತಿರುವ ರಜ್ಜಿಗೆ ಆ ಎಳೆತ ಬೇಕಿಲ್ಲ ಎಂದು ತಿಳಿಯಲು ವೈದ್ಯಶಾಸ್ತ್ರ ಓದಬೇಕಾಗಿಲ್ಲ.

ಐದನೆಯ ವಾರದ ಕೊನೆಗೆ ವೈದ್ಯರು ಬೂಟು ತೊಟ್ಟಂತೆಯೇ ನಿಲ್ಲಿಸಿ ಪಕ್ಕದಿಂದ ಎಕ್ಸ್‌ರೇ ತೆಗೆಸಿದರು. ಅಷ್ಟರಲ್ಲಿ ಒಂದು ಬೆಣೆ ತೆಗೆದಾಗಿತ್ತು, ಎರಡು ಉಳಿದಿದ್ದವು. ಚಿತ್ರದಲ್ಲಿ ಹಿಮ್ಮಡಿಯ ಮೂಳೆ ನಾನು ಊಹಿಸಿದ್ದಷ್ಟು ಬಾಗಿರಲೇ ಇಲ್ಲ. ಬಾಗಿದ್ದದ್ದು ಪಾದದ ನಡುಭಾಗ. ಬೆಣೆ ಎತ್ತಿದ್ದರಲ್ಲಿ ಒಂದು ಪಾಲನ್ನು ಪಾದವೇ ಮಡಚಿಕೊಂಡು ನುಂಗಿತ್ತು. ಇದು ನನ್ನ ಕಾಲಿನ ವಿಶೇಷವಲ್ಲ, ಬೆಣೆಗಳ ವಿಷಯದಲ್ಲಿ ಗೊತ್ತಿರುವ ಸಂಗತಿಯೇ ಎಂದರು ಅವರು. ಬೆಣೆಗಳಲ್ಲೇ ಚೆನ್ನಾಗಿ ಗುಣವಾದವರು ಬಹಳ ಜನ ಇದ್ದಾರೆ ಎಂದೂ ಸೇರಿಸಿದರು. ನಿಜವೇ ಇರಬೇಕು. ಆದರೆ ಬಾಗುವ ಪಾದ, ಜಾರುವ ಬೆಣೆ, ಹೊರಳುವ ಮನುಷ್ಯ, ಮೂರೂ ಒಂದೇ ಬೂಟಿನಲ್ಲಿ ಸೇರಿಬಿಟ್ಟಿದ್ದವು. ಅಂದೇ ಹಿಂಜ್ ಬೂಟಿಗೆ ಬದಲಾದೆ.

ಇದರ ಒಳಗೆ ಸಣ್ಣ ಸಣ್ಣ ಮಣಿಗಳು ತುಂಬಿದ ಮೆತ್ತೆ ಇರುತ್ತದೆ. ಕಾಲನ್ನು ಇಟ್ಟು, ಮಣಿಗಳನ್ನು ಕೈಯಿಂದ ಸುತ್ತ ಹರಡಿ, ಪಂಪಿನಿಂದ ಗಾಳಿ ಹೊರಗೆಳೆದರೆ ಮೆತ್ತೆ ಕಾಲಿನ ಆಕಾರದಲ್ಲೇ ಕಲ್ಲಾಗುತ್ತದೆ. ಗಾಳಿ ತುಂಬುವುದಕ್ಕೂ ತೆಗೆಯುವುದಕ್ಕೂ ಇಷ್ಟು ವ್ಯತ್ಯಾಸ ಇರಬಹುದೆಂದು ನಾನು ಯೋಚಿಸಿರಲಿಲ್ಲ. ತುಂಬಿದ್ದು ತಳ್ಳುತ್ತದೆ, ತೆಗೆದದ್ದು ಅಪ್ಪಿಕೊಳ್ಳುತ್ತದೆ. ಹಿಮ್ಮಡಿಗೆ ಹೋಗಲು ಜಾಗವೇ ಇಲ್ಲ. ಕೋನ ಇರುವುದು ಚಿಪ್ಪಿನ ಪಕ್ಕದ ಹಿಂಜ್‌ನಲ್ಲಿ, ಪಾದದ ಅಡಿಯಲ್ಲಲ್ಲ. ಇಲ್ಲಿ ಪಾದ ಸಮತಟ್ಟಾಗಿದ್ದರೆ ಸೊನ್ನೆ, ಕೆಳಕ್ಕೆ ಬಾಗಿದಷ್ಟೂ ಡಿಗ್ರಿ ಹೆಚ್ಚು. ನನಗೆ ಮೊದಲ ಎರಡು ವಾರ 30 ಡಿಗ್ರಿಯಲ್ಲಿ ಸ್ಥಿರ, ಮುಂದಿನ ಎರಡು ವಾರ 15ರಿಂದ 30ರ ನಡುವೆ ಆಡುವಂತೆ, ಅದರ ಮುಂದಿನ ಎರಡು ವಾರ ಸೊನ್ನೆಯಿಂದ 30ರವರೆಗೆ. ಆಮೇಲೆ ಬೂಟಿನ ಇಳಿಜಾರಿನ ಅಡಿಭಾಗ ತೆಗೆದು ಸಮತಟ್ಟಾದದ್ದನ್ನು ಹಾಕಿಕೊಂಡು ಇನ್ನೆರಡು ವಾರ. ಈ ಲೆಕ್ಕ ನನ್ನದು, ನಿಮ್ಮ ವೈದ್ಯರದು ಬೇರೆ ಇರಬಹುದು.

ಬೆಣೆ ತೆಗೆದ ದಿನ ಒಂದೇ ಏಟಿಗೆ ಹಿಮ್ಮಡಿ ಸುಮಾರು ಒಂದು ಸೆಂಟಿಮೀಟರ್ ಕೆಳಗಿಳಿದು ಮೀನಖಂಡ ಎರಡು ದಿನ ಗೊಣಗಿತ್ತು. ಹಿಂಜ್‌ನಲ್ಲಿ ಮಿತಿ ಸಡಿಲಿಸಿದರೆ ಪಾದ ತನ್ನಿಷ್ಟದಂತೆ ನಿಧಾನವಾಗಿ ಹೊಸ ಜಾಗಕ್ಕೆ ಹೋಗುತ್ತದೆ. ನಡೆಯುವಾಗ ಆ ಮಿತಿಯೊಳಗೆ ಕೀಲು ಆಡುತ್ತದೆ, ಹೊರಗೆ ಹೋಗುವುದಿಲ್ಲ. ಇಷ್ಟಕ್ಕೇ ನನ್ನ ಮತ ಅದಕ್ಕೆ.

ಕಿರಿಕಿರಿ ಇಲ್ಲವೆಂದಲ್ಲ. ಇದು ಭಾರ. ಮೊದಲ ವಾರ ಸೊಂಟದ ಹತ್ತಿರ ತೊಡೆ ನೋಯುತ್ತಿತ್ತು. ರಾತ್ರಿ ಕಳೆಯುವಷ್ಟರಲ್ಲಿ ಮೆತ್ತೆಯೊಳಗೆ ಗಾಳಿ ಸ್ವಲ್ಪ ಸೇರಿಕೊಂಡಿರುತ್ತದೆ, ಬೆಳಗ್ಗೆ ಮಂಚ ಇಳಿಯುವ ಮೊದಲು ಪಂಪು ಹುಡುಕಬೇಕು. ಪಂಪನ್ನು ದಾರ ಕಟ್ಟಿ ಮಂಚದ ಕಾಲಿಗೆ ತೂಗುಹಾಕಿದ ಮೇಲೆ ಆ ಗೋಳು ತಪ್ಪಿತು. ಗಾಳಿ ಎಳೆಯುವಾಗ ಮೆತ್ತೆಯಲ್ಲಿ ಒಂದು ಮಡಿಕೆ ಉಳಿದರೆ ಅದೂ ಕಲ್ಲಾಗಿ ದಿನವಿಡೀ ಚುಚ್ಚುತ್ತದೆ, ಬಿಚ್ಚಿ ಮತ್ತೆ ಮಾಡಬೇಕು. ಸೆಖೆ ಎರಡರಲ್ಲೂ ಒಂದೇ. ಆದರೆ ಇದರ ಒಳಹೊದಿಕೆ ತೆಗೆದು ಒಗೆಯಬಹುದು, ನನ್ನದರ ಜೊತೆ ಎರಡು ಬಂದಿದ್ದವು. ಬೆಣೆ ಬೂಟಿನ ಒಳಮೆತ್ತೆ ಒಗೆದರೆ ಒಣಗಲು ಇಡೀ ದಿನ ಬೇಕು. ಅಷ್ಟು ಹೊತ್ತು ಬೂಟಿಲ್ಲದೆ ಇರುವಂತಿಲ್ಲವಾದ್ದರಿಂದ ನಾನು ಒಗೆಯಲೇ ಇಲ್ಲ. ಅದರ ಪರಿಣಾಮವನ್ನು ವಿವರಿಸುವುದು ಬೇಡ.

ಎತ್ತರದ ತೊಂದರೆ ಎರಡಕ್ಕೂ ಇದೆ. ಬೂಟು ತೊಟ್ಟ ಕಾಲು ಉದ್ದವಾಗುತ್ತದೆ, ಇನ್ನೊಂದು ಕಾಲು ಗುಂಡಿಯಲ್ಲಿ ಇಳಿದಂತೆ ನಡೆಯುತ್ತದೆ, ಸೊಂಟ ದೂರು ಹೇಳುತ್ತದೆ. ಎಡ ಪಾದರಕ್ಷೆಯ ಅಡಿಗೆ ಕಟ್ಟುವ ದಪ್ಪನೆಯ ಅಟ್ಟೆ ಸಿಗುತ್ತದೆ. ಬೂಟಿನ ಜೊತೆಗೇ ಅದನ್ನೂ ತೆಗೆದುಕೊಳ್ಳಿ, ನನ್ನ ಹಾಗೆ ಸೊಂಟ ಹಿಡಿದುಕೊಂಡ ಮೇಲೆ ಅಲ್ಲ.

ಬೂಟು ತೊಟ್ಟ ಬಲಗಾಲಲ್ಲಿ ವಾಹನ ಓಡಿಸುವಂತಿಲ್ಲ. ಇದರಲ್ಲಿ ಹೋಲಿಕೆಗೆ ಏನೂ ಇಲ್ಲ.

ಗೆಳೆಯನೊಬ್ಬ ತನ್ನ ಕಾಲ್ಬೆರಳಿನ ಮೂಳೆ ಮುರಿದಾಗ ತೊಟ್ಟಿದ್ದ ಗಿಡ್ಡ ಬೂಟನ್ನು ತಂದುಕೊಟ್ಟ. ಕಣಕಾಲನ್ನು ಹಿಡಿಯದ ಬೂಟು ಪಾದದ ಕೋನವನ್ನು ಹಿಡಿಯಲಾರದು. ಅದನ್ನು ತೊಡದೆ ಹಿಂದಿರುಗಿಸಿದೆ.

ಒಂದು ವಿಷಯದಲ್ಲಿ ಮಾತ್ರ ಯಾವ ಬೂಟನ್ನೂ ದೂರಬೇಡಿ. ಬೆಣೆ ಬೂಟಿನ ಕಾಲದಲ್ಲಿ ಒಂದು ದಿನ ಮೀನಖಂಡ ಊದಿ ಬಿಗಿಯಾಯಿತು. ಪಟ್ಟಿ ಹೆಚ್ಚು ಬಿಗಿದೆನೇನೋ ಎಂದು ಅರ್ಧ ದಿನ ಸುಮ್ಮನಿದ್ದೆ. ಫಿಸಿಯೋಥೆರಪಿಸ್ಟ್‌ಗೆ ಫೋನಿನಲ್ಲಿ ಹೇಳಿದಾಗ ಅವರು ಗದರಿಸಿ ಆಸ್ಪತ್ರೆಗೆ ಕಳಿಸಿದರು. ಕಾಲು ಅಲುಗಾಡದೆ ಇರುವ ಈ ವಾರಗಳಲ್ಲಿ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ನಿಜವಾದದ್ದು. ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ನನಗೆ ಸ್ಕ್ಯಾನ್‌ನಲ್ಲಿ ಏನೂ ಸಿಗಲಿಲ್ಲ. ಒಂದೇ ಕಾಲು ಊದಿ ನೋಯುತ್ತಿದ್ದರೆ ಕಾಯಬೇಡಿ, ಅದರ ಜೊತೆ ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ ನಿಮಿಷವೂ ಕಾಯಬೇಡಿ.

ನೆಟ್ಟಗೆ ಮಲಗಿದಲ್ಲೇ ಬೆಳಗಾಗುವವರು, ಕೂತು ಕೆಲಸ ಮಾಡುವವರು, ದಿನಕ್ಕೆರಡು ಸಲ ಪಟ್ಟಿ ಬಿಚ್ಚಿ ಬೆಣೆ ಸರಿಪಡಿಸುವ ತಾಳ್ಮೆ ಇರುವವರು ಬೆಣೆ ಬೂಟಿನಲ್ಲೇ ಹಣ ಉಳಿಸಬಹುದು. ನನ್ನ ತಂಗಿಯಾಗಿದ್ದರೆ ಅದರಲ್ಲೇ ಗುಣವಾಗುತ್ತಿದ್ದಳು, ಅವಳು ಮಡಿಸಿಟ್ಟ ಬಟ್ಟೆ ವರ್ಷವಾದರೂ ಹಾಗೇ ಇರುತ್ತದೆ. ನಾನು ಫೋನಿನಲ್ಲಿ ಮಾತಾಡುವಾಗಲೂ ಕೋಣೆಯ ಈ ತುದಿಯಿಂದ ಆ ತುದಿಗೆ ಅಲೆಯುವವನು. ಹಿಂಜ್ ಬೂಟಿಗೆ ಬೆಣೆ ಬೂಟಿನ ಎರಡರಷ್ಟಕ್ಕಿಂತ ಹೆಚ್ಚು ಕೊಟ್ಟೆ, ಮೊದಲನೆಯದರ ಹಣ ಹೇಗೂ ನೀರುಪಾಲು. ಕೈ ಬಿಗಿ ಇದ್ದರೆ ಒಮ್ಮೆ ಬಳಸಿದ ಹಿಂಜ್ ಬೂಟನ್ನು ಹುಡುಕಿ, ಎಂಟು ವಾರದಲ್ಲಿ ಚಿಪ್ಪು ಸವೆಯುವುದಿಲ್ಲ. ಆದರೆ ಕೊಳ್ಳುವ ಮುನ್ನ ಮೆತ್ತೆಯ ಗಾಳಿ ಎಳೆದು ಒಂದು ಗಂಟೆ ಬಿಟ್ಟು ಒತ್ತಿ ನೋಡಿ, ಹಿಂಜ್‌ನ ಮಿತಿ ಎರಡೂ ಬದಿಯಲ್ಲಿ ಒಂದೇ ಗುರುತಿಗೆ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ, ಒಳಹೊದಿಕೆಯನ್ನು ಮಾತ್ರ ಹೊಸದು ತರಿಸಿಕೊಳ್ಳಿ. ನನ್ನದನ್ನು ಈಗಾಗಲೇ ಒಬ್ಬರು ಕೇಳಿ ಒಯ್ದಿದ್ದಾರೆ. ಬೆಣೆ ಬೂಟನ್ನು ಯಾರೂ ಕೇಳಿಲ್ಲ, ನಾನೂ ಯಾರಿಗೂ ಹೇಳಿಲ್ಲ.